ಚಂಡಮಾರುತ ಗೋವಾ ದಾಟಿದ ಮೇಲೂ ಕಾರವಾರದವರು ಎಚ್ಚರವಾಗಿರಬೇಕೇ?

ಪ್ರಶ್ನೆ: ನಾವು ಕಾರವಾರ ತಾಲ್ಲೂಕಿನಲ್ಲಿ ಕಾಳಿ ನದಿಯ ಅಳಿವೆಗೆ ಸಮೀಪದ ಊರಿನವರು. ಮನೆಯ ಮುಂದೆ ಕೂಗಳತೆಯಲ್ಲಿ ಕಡಲು, ಹಿಂದೆ ನದಿಯ ಉಪ್ಪುನೀರು ಬಂದುಹೋಗುವ ಗದ್ದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಎದುರಿಗೆ ತಗಡಿನ ಶೀಟು ಹಾಕಿ ಚಪ್ಪರ ಇಳಿಸಿದ್ದೇವೆ. ಆಗ್ನೇಯ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದ್ದು, ಅದು ಚಂಡಮಾರುತವಾಗಿ ಉತ್ತರಕ್ಕೆ ಸಾಗಬಹುದು ಎಂಬ ಸುದ್ದಿ ಬರುತ್ತಿದೆ. ದೀಪಾವಳಿಗೆ ಇನ್ನು ನಾಲ್ಕೇ ದಿನ. ನಮ್ಮ ಕಡಲಿಗೆ ತೂಫಾನು ಬಂದು ಬಡಿದದ್ದಿಲ್ಲ, ಎಲ್ಲವೂ ಗುಜರಾತಿಗೋ ಒಮಾನಿಗೋ ಹೋಗುತ್ತವೆ ಎಂದು ಮಾವನವರು ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ನೋಡಿದರೆ 12 ಮೀಟರ್ ಎತ್ತರದ ಅಲೆ ಬರುತ್ತದೆ ಎಂದಿದೆ. ಗಾಳಿ ಜೋರಾದಾಗ ಕಿಟಕಿ ತೆರೆದಿಡಬೇಕು, ಇಲ್ಲವಾದರೆ ಮಾಡು ಹಾರುತ್ತದೆ ಎನ್ನುವವರೂ ಇದ್ದಾರೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು, ನಡೆಯುವುದು ಕಷ್ಟ. ತಂಗಿಯ ಮನೆ ಶಿರಸಿಯಲ್ಲಿದೆ. ಗಾಳಿ ಎದ್ದರೆ ಅಲ್ಲಿಗೆ ಹೊರಟುಬಿಡೋಣ ಎಂದು ಯಜಮಾನರ ಯೋಚನೆ. ಮೈದುನ ಪರ್ಸೀನ್ (ಸುತ್ತುಬಲೆಯ) ಮೀನುಗಾರಿಕೆ ಬೋಟಿನಲ್ಲಿ ಪಾಲುದಾರ. ಬೋಟು ಕಾಯಲು ರಾತ್ರಿ ಅದರಲ್ಲೇ ಮಲಗುತ್ತೇನೆ ಎನ್ನುತ್ತಾನೆ. ನಾವು ಮನೆ ಬಿಡಬೇಕೇ? ಬಿಡುವುದಾದರೆ ಯಾವಾಗ? ಕುಡಿಯುವ ನೀರಿನ ಬಾವಿಗೆ ಉಪ್ಪುನೀರು ನುಗ್ಗಿದರೆ ಏನು ಮಾಡುವುದು?

ಉತ್ತರ: ನಿಮ್ಮ ಪ್ರಶ್ನೆಗಳು ಹಲವಿದ್ದರೂ ತಳಮಳ ಒಂದೇ. ಮನೆಯಲ್ಲಿ ಬಿರುಗಾಳಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ನಡೆಯಲಾಗದ ಹಿರಿಯರೊಬ್ಬರನ್ನು ಕರೆದುಕೊಂಡು ಹೊರಡುವ ನಿರ್ಧಾರವನ್ನು ಯಾರ ಮಾತಿನ ಮೇಲೆ ಕೈಗೊಳ್ಳುವುದು ಎಂಬುದು ನಿಮಗೆ ತಿಳಿಯುತ್ತಿಲ್ಲ. ಕರಾವಳಿಯ ಹವಾಮಾನ ಮತ್ತು ವಿಪತ್ತು ಸಿದ್ಧತೆಯ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆ ಇರುವ ಜಾಗವನ್ನು ನೋಡಿದರೆ, ಈ ಕುಸಿತ ಚಂಡಮಾರುತವಾಗಿ ನಮ್ಮ ತೀರಕ್ಕೆ ಸಮಾಂತರವಾಗಿ ಉತ್ತರಕ್ಕೆ ಸಾಗುವುದು ಖಚಿತವಾದ ಕೂಡಲೇ, ಗಾಳಿ ಏಳುವುದಕ್ಕೆ ಮೊದಲು, ಹಗಲು ಬೆಳಕಿನಲ್ಲಿ ನೀವು ಅಲ್ಲಿಂದ ಹೊರಡುವುದು ಒಳ್ಳೆಯದು. ಆದರೆ ಶಿರಸಿಗಲ್ಲ.

ನಿಮ್ಮ ಮಾವನವರ ಮಾತಿನಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ಅದು ಅರ್ಧ ನಿಜ. ಅರಬ್ಬೀ ಸಮುದ್ರದಲ್ಲಿ ಬಂಗಾಳ ಕೊಲ್ಲಿಗಿಂತ ಬಹಳ ಕಡಿಮೆ ಚಂಡಮಾರುತಗಳು ಹುಟ್ಟುತ್ತವೆ. ಹುಟ್ಟಿದವುಗಳ ಕೇಂದ್ರ ಕರ್ನಾಟಕದ ತೀರವನ್ನು ನೇರವಾಗಿ ದಾಟುವುದು ಅಪರೂಪ. ಲಕ್ಷದ್ವೀಪದ ಆಸುಪಾಸಿನಲ್ಲಿ ರೂಪುಗೊಂಡು, ಮೇಲ್ಮಟ್ಟದ ಗಾಳಿ ಒಯ್ದ ಕಡೆಗೆ, ಒಂದೋ ಪಶ್ಚಿಮಕ್ಕೆ ಒಮಾನ್ ಮತ್ತು ಯೆಮೆನ್ ಕಡೆ, ಇಲ್ಲವೇ ಉತ್ತರಕ್ಕೆ ಮಹಾರಾಷ್ಟ್ರ ಮತ್ತು ಗುಜರಾತಿನ ಕಡೆ ಹೋಗುವುದೇ ಹೆಚ್ಚು. ಹೀಗಾಗಿ ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಕೇಂದ್ರ ಎಲ್ಲಿ ದಡ ಮುಟ್ಟುತ್ತದೆ ಎಂಬುದು ಒಂದು ಪ್ರಶ್ನೆ, ಅದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಮುಟ್ಟಿದ್ದು ಗುಜರಾತಿನಲ್ಲಿ, 17ರ ರಾತ್ರಿ. ಅದಕ್ಕೆ ಮೊದಲೇ, 15 ಮತ್ತು 16ರಂದು, ಅದು ನಮ್ಮ ತೀರದಾಚೆಗೆ ಹಾದುಹೋಗುವಾಗ ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ಕಡಲಂಚಿನ ಮನೆಗಳು, ರಸ್ತೆಗಳು, ದೋಣಿಗಳು ಹಾನಿಗೊಂಡವು. 2019ರ ಅಕ್ಟೋಬರಿನ ಕ್ಯಾರ್ ಸೂಪರ್ ಚಂಡಮಾರುತದ ಮಟ್ಟಕ್ಕೆ ಏರಿ, ಪಶ್ಚಿಮಕ್ಕೆ ತಿರುಗಿ ನಡುಗಡಲಿನಲ್ಲೇ ದುರ್ಬಲಗೊಂಡಿತು. ಆದರೂ ಆ ದೀಪಾವಳಿಯ ಹೊತ್ತಿನಲ್ಲಿ ನಮ್ಮ ತೀರ ಮಳೆ ಮತ್ತು ಕಡಲಬ್ಬರವನ್ನು ಕಂಡಿತು, ಹೊರರಾಜ್ಯಗಳ ಬೋಟುಗಳೂ ಆಶ್ರಯಕ್ಕಾಗಿ ಕಾರವಾರ ಬಂದರಿಗೆ ಬಂದು ನಿಂತವು. ಆ ಒಂದೇ ವರ್ಷ ಅರಬ್ಬೀ ಸಮುದ್ರದಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಚಂಡಮಾರುತಗಳು ಎದ್ದವು. ಕಡಲ ಮೇಲ್ಪದರ ಮೊದಲಿಗಿಂತ ಬೆಚ್ಚಗಾಗಿರುವುದರಿಂದ ಇಂಥವು ಈಚೆಗೆ ಹೆಚ್ಚಾಗಿವೆ ಮತ್ತು ಬೇಗ ಬಲಗೊಳ್ಳುತ್ತಿವೆ. ಮಾವನವರ ಕಾಲದ ಅನುಭವ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಇನ್ನು 12 ಮೀಟರ್ ಅಲೆಯ ವಿಚಾರ. ಪ್ರಬಲ ಚಂಡಮಾರುತದ ಕೇಂದ್ರದ ಹತ್ತಿರ, ಆಳಸಮುದ್ರದಲ್ಲಿ ಅಂಥ ಅಲೆಗಳು ಏಳುವುದುಂಟು. ಅವು ಹಾಗೆಯೇ ನಿಮ್ಮ ಅಂಗಳಕ್ಕೆ ಬರಲಾರವು. ನೀರಿನ ಆಳ ಕಡಿಮೆಯಾಗುತ್ತ ಬಂದಂತೆ ಅಲೆ ನೆಲ ತಾಗಿ ಒಡೆಯುತ್ತದೆ. ಯಾವುದೇ ಜಾಗದಲ್ಲಿ ಅಲೆಯ ಎತ್ತರ ಅಲ್ಲಿನ ನೀರಿನ ಆಳದ ಸುಮಾರು ಮುಕ್ಕಾಲು ಪಾಲನ್ನು ಮೀರಿ ನಿಲ್ಲುವುದಿಲ್ಲ. ಆದ್ದರಿಂದ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಆದರೆ ಇದೇ ನಿಯಮದಲ್ಲಿ ನೀವು ಗಮನಿಸಬೇಕಾದ ಇನ್ನೊಂದು ಮಾತು ಅಡಗಿದೆ. ದಡದ ಬಳಿ ನೀರಿನ ಮಟ್ಟವೇ ಒಂದು ಮೀಟರ್ ಏರಿದರೆ, ಅಲ್ಲಿಯವರೆಗೆ ದೂರದಲ್ಲೇ ಒಡೆಯುತ್ತಿದ್ದ ಅಲೆಗಳು ಇನ್ನಷ್ಟು ಒಳಗೆ, ಇನ್ನಷ್ಟು ಎತ್ತರವಾಗಿ ಬಂದು ಒಡೆಯುತ್ತವೆ. ನೀವು ಅಂಜಬೇಕಾದದ್ದು ಅಲೆಯ ಎತ್ತರಕ್ಕಿಂತ ಹೆಚ್ಚಾಗಿ ಅದರಡಿಯ ನೀರಿನ ಮಟ್ಟಕ್ಕೆ.

ಆ ಮಟ್ಟ ಏರುವುದು ಹಲವು ಕಾರಣಗಳಿಂದ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಕೇಂದ್ರ ದೂರವಿದ್ದಾಗ ಈ ಪಾಲು ಅಲ್ಪ. ಗಾಳಿ ನೀರನ್ನು ದಡಕ್ಕೆ ನೂಕುವುದು ಮತ್ತು ಒಡೆದ ಅಲೆಗಳ ನೀರು ಹಿಂದಿರುಗಲು ಪುರುಸೊತ್ತಿಲ್ಲದೆ ದಡದಲ್ಲೇ ಸೇರಿಕೊಳ್ಳುವುದು ದೊಡ್ಡ ಪಾಲು. ಇವೆಲ್ಲದರ ಕೆಳಗೆ ಉಬ್ಬರವಿಳಿತ ಇದ್ದೇ ಇದೆ. ಖಂಭಾತ್ ಕೊಲ್ಲಿಯಲ್ಲೋ ಬಂಗಾಳ ಕೊಲ್ಲಿಯ ತಲೆಯಲ್ಲೋ ಆಗುವಷ್ಟು ಭಾರೀ ಕಡಲೇರಿಕೆ ನಮ್ಮ ತೀರದಲ್ಲಿ ಆಗುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ದೀಪಾವಳಿ ಎಂದರೆ ಅಮಾವಾಸ್ಯೆ. ಅಮಾವಾಸ್ಯೆ ಎಂದರೆ ದೊಡ್ಡ ಭರತಿ, ಅಂದರೆ ದೊಡ್ಡ ಉಬ್ಬರ. ಇಳಿತದ ಹೊತ್ತಿನಲ್ಲಿ ಬಂದರೆ ಯಾರ ಗಮನಕ್ಕೂ ಬಾರದಷ್ಟು ಚಿಕ್ಕದಾದ ಏರಿಕೆಯು, ಅಮಾವಾಸ್ಯೆಯ ಭರತಿಯ ನೆತ್ತಿಯ ಮೇಲೆ ಬಂದು ಕೂತರೆ ತಡೆಗೋಡೆಯ ಕಲ್ಲುಗಳನ್ನು ಹತ್ತಿ ರಸ್ತೆಗೆ ಇಳಿಯುತ್ತದೆ. ಭರತಿ ದಿನಕ್ಕೆ ಎರಡು ಬಾರಿ ಬರುತ್ತದೆ, ಪ್ರತಿದಿನ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಸರಿಯುತ್ತದೆ. ನಿಮ್ಮ ಮೈದುನನಿಗೆ ತಿಥಿಯ ಲೆಕ್ಕದಲ್ಲಿ ಇದು ಬಾಯಿಪಾಠವಾಗಿರುತ್ತದೆ. ಮುಂದಿನ ನಾಲ್ಕು ದಿನಗಳ ಭರತಿಯ ಸಮಯವನ್ನು ಅವನಿಂದ ಕೇಳಿ ಬರೆದು ಗೋಡೆಗೆ ಅಂಟಿಸಿ. ಗಾಳಿಯ ವೇಗಕ್ಕಿಂತ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದರ ಜೊತೆಗೆ ಕಾಲದ ಮಾತೂ ಇದೆ. ಮೇ ತಿಂಗಳಲ್ಲಿ ನಮ್ಮ ಮರಳ ದಂಡೆ ಅಗಲವಾಗಿ, ಎತ್ತರವಾಗಿ ತುಂಬಿಕೊಂಡಿರುತ್ತದೆ. ಮಳೆಗಾಲದ ಅಲೆಗಳು ಆ ಮರಳನ್ನು ಕೆರೆದು ಒಯ್ದಿರುತ್ತವೆ, ಅದು ಹಿಂದಿರುಗಲು ಬೇಸಿಗೆಯವರೆಗೂ ಸಮಯ ಬೇಕು. ಅಕ್ಟೋಬರ್ ಕೊನೆಯ ಹೊತ್ತಿಗೆ ದಂಡೆ ಇನ್ನೂ ಸವೆದೇ ಇರುತ್ತದೆ. ಅಷ್ಟೇ ಅಲ್ಲ, ನೆಲ ನೀರು ಕುಡಿದು ತೃಪ್ತವಾಗಿರುತ್ತದೆ, ಕಾಳಿಯ ಮೇಲಿನ ಜಲಾಶಯಗಳು ತುಂಬಿರುತ್ತವೆ. ಹೀಗಾಗಿ ಒಂದೇ ಬಲದ ಎರಡು ಚಂಡಮಾರುತಗಳಲ್ಲಿ ಮಳೆಗಾಲದ ನಂತರ ಬರುವುದರ ಬಗ್ಗೆ ನಾನು ಹೆಚ್ಚು ಹೆದರುತ್ತೇನೆ.

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಕೇಂದ್ರವು ಲಕ್ಷದ್ವೀಪದ ಕಡೆ, ಅಂದರೆ ನಮ್ಮ ನೈಋತ್ಯಕ್ಕೆ ಇರುವಾಗ ಕಾರವಾರದಲ್ಲಿ ಗಾಳಿ ಪೂರ್ವ ಅಥವಾ ಆಗ್ನೇಯದಿಂದ, ಎಂದರೆ ನೆಲದ ಕಡೆಯಿಂದ ಬೀಸುತ್ತದೆ. ದಡದ ಬಳಿ ಕಡಲು ಹದವಾಗಿಯೇ ಕಾಣುತ್ತದೆ. ಆಗಾಗ ದೂರದಿಂದ ಬರುವ ಉದ್ದನೆಯ, ನಿಧಾನವಾದ ಅಲೆಗಳನ್ನು ಬಿಟ್ಟರೆ ಏನೂ ಇಲ್ಲ ಎನಿಸುತ್ತದೆ. ಕೇಂದ್ರ ನಮ್ಮ ನೇರ ಪಶ್ಚಿಮಕ್ಕೆ ಬಂದಾಗ ಗಾಳಿ ದಕ್ಷಿಣದಿಂದ ಬರುತ್ತದೆ, ಮಳೆ ಬಿರುಸಾಗುತ್ತದೆ. ಭೂಮಿ ತಿರುಗುವುದರಿಂದ, ಈ ತೆಂಕಣ ಗಾಳಿ ತಳ್ಳಿದ ನೀರು ತನ್ನ ಬಲಕ್ಕೆ, ಅಂದರೆ ನಮ್ಮ ದಡದ ಕಡೆಗೆ ವಾಲುತ್ತದೆ. ಕೇಂದ್ರ ಇನ್ನೂ ಮೇಲೆ ಸರಿದು ಗೋವಾ, ರತ್ನಾಗಿರಿಯ ನೇರಕ್ಕೆ ಹೋದಾಗ ನಮ್ಮಲ್ಲಿ ಗಾಳಿ ನೈಋತ್ಯಕ್ಕೆ ತಿರುಗುತ್ತದೆ. ಆಗ ಗಾಳಿ, ಅಲೆ, ನೀರು ಮೂರೂ ನೇರವಾಗಿ ದಡಕ್ಕೆ ಮುಖ ಮಾಡುತ್ತವೆ. ಟಿವಿಯಲ್ಲಿ ಚಂಡಮಾರುತ ಕರ್ನಾಟಕವನ್ನು ದಾಟಿತು ಎಂದು ಹೇಳುವ ಹೊತ್ತೂ ಅದೇ. ಹಲವರು ನಿಟ್ಟುಸಿರು ಬಿಟ್ಟು ಮನೆಗೆ ಹಿಂದಿರುಗುವುದೂ ಆಗಲೇ. ಗಾಳಿಯ ವೇಗ ಆ ವೇಳೆಗೆ ಕಡಿಮೆಯಾಗುತ್ತಿರಬಹುದು, ಆದರೆ ನಿಮ್ಮಂಥ ಅಳಿವೆಯ ದಡದವರಿಗೆ ಕಡಲು ಒಳನುಗ್ಗುವ ಸಂಭವ ಆ ಮೊದಲ ಭರತಿಯಲ್ಲೇ ಹೆಚ್ಚು. ನಕ್ಷೆಯಲ್ಲಿ ತೋರಿಸುವ ಗೆರೆ ಕೇಂದ್ರದ ಹಾದಿ ಮಾತ್ರ. ಮಳೆ ಮತ್ತು ಗಾಳಿಯ ವ್ಯಾಪ್ತಿ ಅದರ ಎರಡೂ ಬದಿಗೆ ನೂರಾರು ಕಿಲೋಮೀಟರ್ ಹರಡಿರುತ್ತದೆ, ಉತ್ತರಕ್ಕೆ ಸಾಗುವ ಚಂಡಮಾರುತದಲ್ಲಿ ಬಲ ಹೆಚ್ಚಿರುವುದು ಪೂರ್ವದ ಬದಿಯಲ್ಲಿ, ಅಂದರೆ ನಮ್ಮ ಕಡೆ.

ಅಳಿವೆಯ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ತೇವ ತುಂಬಿದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿದಾಗ ಯಲ್ಲಾಪುರ, ಶಿರಸಿ, ಸಿದ್ದಾಪುರದ ಘಟ್ಟದಂಚಿನಲ್ಲಿ ಸುರಿಯುವ ಮಳೆಯೆಲ್ಲ ಕೆಲವೇ ಗಂಟೆಗಳಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಇಳಿದುಬರುತ್ತದೆ. ಅದೇ ಹೊತ್ತಿಗೆ ಕಡಲ ಮಟ್ಟ ಏರಿದ್ದರೆ, ಒಂದೇ ಬಾಗಿಲನ್ನು ಎರಡೂ ಕಡೆಯಿಂದ ತಳ್ಳಿದಂತೆ, ನದಿಯ ನೀರು ಹೊರಹೋಗಲಾರದೆ ಹಿಂದಕ್ಕೆ ಒತ್ತಿಕೊಂಡು ತಗ್ಗಿನ ಗದ್ದೆಗಳಿಗೆ ಹರಡುತ್ತದೆ. ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಬೆಳೆಯುವವರಿಗೆ ಇದು ಹೊಸದಲ್ಲ. ಉಪ್ಪುನೀರಿನ ಕಟ್ಟೆ ಒಡೆಯುವುದು ಹೀಗೆಯೇ. ನಿಮ್ಮ ಮನೆಗೆ ನೀರು ಮುಂಬಾಗಿಲಿನಿಂದ ಬರುವುದಕ್ಕಿಂತ ಮೊದಲು ಹಿತ್ತಲಿನಿಂದ ಬರುವ ಸಾಧ್ಯತೆಯೇ ಹೆಚ್ಚು, ಅದೂ ಸದ್ದಿಲ್ಲದೆ. ಮೇಲಾಗಿ ಕಾಳಿಯ ಕೊನೆಯ ಅಣೆಕಟ್ಟಾದ ಕದ್ರಾದ ಗೇಟುಗಳ ಮೇಲೆ ಕಣ್ಣಿಡಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಅಲ್ಲಿಂದ ನೀರು ಬಿಟ್ಟಾಗ ಕೆಳದಂಡೆಯ ಊರುಗಳು ಜಲಾವೃತವಾದದ್ದು ನಿಮಗೆ ನೆನಪಿರಬಹುದು. ಅಳಿವೆ ಅಗಲವಾಗಿರುವುದರಿಂದ ನಿಮ್ಮಲ್ಲಿ ಆ ನೀರು ಕದ್ರಾ, ಮಲ್ಲಾಪುರದಷ್ಟು ಏರುವುದಿಲ್ಲ. ಆದರೆ ಭರತಿ, ಕಡಲೇರಿಕೆ, ಗೇಟಿನ ನೀರು ಒಂದೇ ರಾತ್ರಿ ಸೇರಿದರೆ ಹಿತ್ತಲಿನ ಗದ್ದೆ ತುಂಬಲು ಹೆಚ್ಚು ಹೊತ್ತು ಬೇಡ.

ಎಚ್ಚರಿಕೆಗಳನ್ನು ಓದುವ ಬಗೆಯನ್ನೂ ತಿಳಿದಿರಿ. ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ಮುಟ್ಟಿದಾಗ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. 89ರಿಂದ ತೀವ್ರ, 118ರಿಂದ ಅತಿ ತೀವ್ರ, 167ರಿಂದ ಅತ್ಯಂತ ತೀವ್ರ, 222 ದಾಟಿದರೆ ಸೂಪರ್. ಇವು ಕೇಂದ್ರದ ಬಳಿಯ, ಮೂರು ನಿಮಿಷಗಳ ಸರಾಸರಿ ವೇಗದ ಲೆಕ್ಕ. ಇದು ಕಾರವಾರದಲ್ಲಿ ಬೀಸುವ ಗಾಳಿಯಲ್ಲ. ಮಳೆಗೆ ಕೊಡುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಲೆಕ್ಕ ಬೇರೆ: ಒಂದು ದಿನದಲ್ಲಿ 204.4 ಮಿಲಿಮೀಟರ್ ಮೀರುವ ಮಳೆಯ ಸಂಭವವಿದ್ದಾಗ ಕೆಂಪು ಬರುತ್ತದೆ. ಅಲೆಗಳ ಬಗ್ಗೆ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಅದು ಹೇಳುವ ಅಲೆಯ ಎತ್ತರ ಎಂದರೆ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಪಾಲಿನ ಸರಾಸರಿ; ನಡುವೆ ಒಂದೊಂದು ಅಲೆ ಅದರ ಎರಡರಷ್ಟಕ್ಕೂ ಹತ್ತಿರ ಬರಬಹುದು, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸೆಲ್ಫಿಗೆ ನಿಂತವರನ್ನು ಎಳೆದೊಯ್ಯುವುದು ಅಂಥದ್ದೇ. ಬಂದರಿನಲ್ಲಿ ಏರಿಸುವ ಸಂಕೇತದ ಸಂಖ್ಯೆಗಳ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 5ಕ್ಕಿಂತ 7 ಹೆಚ್ಚು ಅಪಾಯ ಎಂದಲ್ಲ. 5, 6, 7 ಮೂರೂ ಒಂದೇ ಮಟ್ಟದ ಅಪಾಯಗಳು, ಬಿರುಗಾಳಿ ಬಂದರಿನ ಯಾವ ಬದಿಯಿಂದ ದಾಟುತ್ತದೆ ಎಂಬುದಷ್ಟೇ ವ್ಯತ್ಯಾಸ. 8, 9, 10 ಮಹಾ ಅಪಾಯದವು.

ಕಿಟಕಿ ತೆರೆದಿಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಗಾಳಿ ಮಾಡಿನ ಮೇಲಿಂದ ಹಾಯುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ತೆರೆದ ಕಿಟಕಿಯಿಂದ ಒಳನುಗ್ಗಿದ ಗಾಳಿ ಅದೇ ಮಾಡನ್ನು ಕೆಳಗಿನಿಂದ ನೂಕುತ್ತದೆ. ಎರಡೂ ಸೇರಿದಾಗ ಹಂಚು ನಿಲ್ಲುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ ಎಂಬುದನ್ನು ನೆನಪಿಡಿ. ಎಲ್ಲ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ. ಗಾಜಿಗೆ ಅಂಟುಪಟ್ಟಿ ಹಚ್ಚುವುದರಿಂದ ಅದು ಗಟ್ಟಿಯಾಗುವುದಿಲ್ಲ, ಹಲಗೆ ಹೊಡೆಯುವುದೇ ಸರಿ.

ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಆ ಶೀಟಿನ ಚಪ್ಪರ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಮಾಡು ಹಾಳಾಗಲು ಕಾರಣ ಹಂಚಲ್ಲ, ಚಪ್ಪರ. ಅದರ ಪೈಪನ್ನೋ ರೀಪನ್ನೋ ಮನೆಯ ಮಾಡನ್ನು ಹೊರುವ ಪಕಾಸಿಗೇ ಬಿಗಿದಿರುತ್ತಾರೆ. ಮೂರು ಕಡೆ ತೆರೆದಿರುವ ಶೀಟಿನ ಅಡಿಗೆ ಗಾಳಿ ಹೊಕ್ಕು ಅದನ್ನು ಎತ್ತಿದಾಗ ಶೀಟು ತಾನೊಂದೇ ಹೋಗುವುದಿಲ್ಲ, ಮಾಡಿನ ಅಂಚಿನ ಎರಡು ಸಾಲು ಹಂಚುಗಳನ್ನೂ ಪಕಾಸಿಯ ತುದಿಯನ್ನೂ ಕಿತ್ತುಕೊಂಡೇ ಹೋಗುತ್ತದೆ. ಅಲ್ಲಿಂದ ಒಳಗೆ ನುಗ್ಗಿದ ಗಾಳಿಗೆ ಉಳಿದ ಹಂಚುಗಳು ಯಾವ ಲೆಕ್ಕವೂ ಅಲ್ಲ. ಹಬ್ಬದ ಅಂಗಳ ಬಿಸಿಲಿಗೆ ಬೀಳುತ್ತದೆ ಎಂಬ ಚಿಂತೆ ಬಿಟ್ಟು ನಾಳೆಯೇ ಬೋಲ್ಟು ಬಿಚ್ಚಿಸಿ ಶೀಟುಗಳನ್ನು ಇಳಿಸಿ, ನೆಲದ ಮೇಲೆ ಒಂದರ ಮೇಲೊಂದಿಟ್ಟು ಹಗ್ಗದಿಂದ ಬಿಗಿಯಿರಿ. ಶೀಟಿನ ಮೇಲೆ ಬಿಡಿ ಕಲ್ಲು, ಹಳೆಯ ಟೈರು ಹೇರುವ ರೂಢಿ ನಮ್ಮಲ್ಲಿದೆ. ಶೀಟು ಎದ್ದಾಗ ಮೊದಲು ಹಾರುವುದು ಅವೇ. ಮಾಡಿನ ಸೂರಂಚಿನ ಸಾಲುಗಳನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿಸಿ. ಮಂಗಳೂರು ಹಂಚಿನ ಅಡಿಯಲ್ಲಿ ತೂತಿರುವ ಸಣ್ಣದೊಂದು ಕಿವಿ ಇರುತ್ತದೆ. ಅದರೊಳಗೆ ತಂತಿ ಪೋಣಿಸಿ ರೀಪಿಗೆ ಕಟ್ಟುವುದಕ್ಕೆಂದೇ ಅದನ್ನು ಮಾಡಿರುವುದು, ಆದರೆ ಕಟ್ಟುವವರು ಕಡಿಮೆ. ಸೂರಂಚಿನ ಎರಡು ಸಾಲು ಮತ್ತು ಕೋಡಿನ ಬದಿಯ ಸಾಲುಗಳನ್ನಾದರೂ ಹೀಗೆ ಕಟ್ಟಿಸಿದರೆ ಮಾಡಿನ ಆಯುಷ್ಯ ಬಹಳ ಹೆಚ್ಚುತ್ತದೆ. ಮಳೆ ಶುರುವಾದ ಮೇಲೆ ಯಾರೂ ಹಂಚಿನ ಮೇಲೆ ಹತ್ತಬಾರದು.

ತೆಂಗಿನ ಮರಗಳ ಒಣ ಮಡಲು ಮತ್ತು ಬಲಿತ ಗೊನೆಗಳನ್ನು ಗಾಳಿ ಏಳುವುದಕ್ಕೆ ಮುಂಚೆ ಇಳಿಸಿದರೆ ಸಾಕು. ತೆಂಗು ಬಾಗಿ ಬದುಕುವ ಮರ. ಉರುಳುವುದು ಹೆಚ್ಚಾಗಿ ಮಾವು, ಅಕೇಶಿಯಾ, ಗಾಳಿಮರಗಳು.

ಈಗ ಹೊರಡುವ ವಿಚಾರ. ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಮನೆಯಲ್ಲೇ ಉಳಿಯುವುದು ಒಂದು. ಚಂಡಮಾರುತ ತೀರದಿಂದ ಬಹುದೂರ, ಪಶ್ಚಿಮಕ್ಕೆ ತಿರುಗಿದರೆ ಅದು ಸರಿಯಾದ ಆಯ್ಕೆಯೇ ಆಗಬಹುದು. ಆದರೆ ಅದು ತಿರುಗದಿದ್ದರೆ, ಹಿತ್ತಲಿನಲ್ಲಿ ನೀರು ಕಂಡ ಮೇಲೆ, ಕತ್ತಲಲ್ಲಿ, ಕರೆಂಟಿಲ್ಲದೆ ಅತ್ತೆಯವರನ್ನು ಎತ್ತಿಕೊಂಡು ಹೋಗಬೇಕಾಗುತ್ತದೆ. ಆ ಸ್ಥಿತಿಗೆ ಬರಬಾರದು ಎಂಬುದೇ ನನ್ನ ಮಾತಿನ ತಿರುಳು. ಶಿರಸಿಗೆ ಹೋಗುವುದು ಎರಡನೆಯದು. ಕಡಲಿನಿಂದ ದೂರ, ಎತ್ತರದ ಜಾಗ, ತಂಗಿಯ ಮನೆ ಎಂದರೆ ಮನಸ್ಸಿಗೆ ಹಿತವಾಗಿಯೇ ಇರುತ್ತದೆ. ಆದರೆ ನಡುವೆ ನೂರು ಕಿಲೋಮೀಟರ್ ಮೀರಿದ ದಾರಿಯಿದೆ, ಅದರಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಒಂದನ್ನು ಹತ್ತಲೇಬೇಕು. ಚಂಡಮಾರುತದ ಮಳೆ ಅತಿ ಜೋರಾಗಿ ಸುರಿಯುವುದೇ ಆ ಘಟ್ಟಗಳ ಮೇಲೆ. ಮರ ಬಿದ್ದು, ಗುಡ್ಡ ಜರಿದು ದಾರಿ ಮುಚ್ಚುವುದು ಅಲ್ಲೇ. ಅಂಕೋಲಾದವರೆಗಿನ ಹೆದ್ದಾರಿಯೂ ಗುಡ್ಡ ಕಡಿದು ಮಾಡಿದ್ದು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಏನಾಯಿತೆಂದು ನಮ್ಮ ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ. ಅದು ಚಂಡಮಾರುತವಲ್ಲ, ಮುಂಗಾರಿನ ಮಳೆ. ಆದರೆ ಗುಡ್ಡಕ್ಕೆ ಆ ಭೇದವಿಲ್ಲ. ಗಾಳಿ ಎದ್ದರೆ ಹೊರಡೋಣ ಎಂಬ ನಿಮ್ಮ ಯಜಮಾನರ ಯೋಚನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಸಮಯ. ನಾಳೆಯೋ ನಾಡಿದ್ದೋ, ಆಕಾಶ ತಿಳಿಯಾಗಿರುವಾಗ, ಹಬ್ಬಕ್ಕೆಂದೇ ತಂಗಿಯ ಮನೆಗೆ ಹೋಗುವುದಾದರೆ ಧಾರಾಳವಾಗಿ ಹೋಗಿ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದ ಮೇಲೆ ಆ ದಾರಿ ಹಿಡಿಯುವುದು ಮನೆಯಲ್ಲಿ ಉಳಿಯುವುದಕ್ಕಿಂತಲೂ ಅಪಾಯಕಾರಿ.

ನಾನು ನಿಮಗೆ ಹೇಳುವುದು ಮೂರನೆಯ ದಾರಿಯನ್ನು. ಕಡಲಿನಿಂದ ಎರಡು ಮೂರು ಕಿಲೋಮೀಟರ್ ಒಳನಾಡಿಗೆ, ಅಳಿವೆಯಿಂದ ದೂರ, ಎತ್ತರದ ನೆಲದಲ್ಲಿರುವ ಆರ್‌ಸಿಸಿ ಮಾಡಿನ ನೆಂಟರ ಮನೆಯೋ, ಜಿಲ್ಲಾಡಳಿತ ತೆರೆಯುವ ಕಾಳಜಿ ಕೇಂದ್ರವೋ ಸಾಕು. ಕಡಲು ಉಕ್ಕಿ ಹರಿಯುವುದು ದಂಡೆಯ ಪಟ್ಟಿಯಲ್ಲಿ ಮಾತ್ರ. ಅದನ್ನು ತಪ್ಪಿಸಲು ಜಿಲ್ಲೆಯನ್ನೇ ದಾಟಬೇಕಿಲ್ಲ. ಆದರೆ ಎತ್ತರ ಎಂದು ಗುಡ್ಡದ ಬುಡಕ್ಕೆ ಹೋಗಬೇಡಿ. ಕಾರವಾರದ ಹತ್ತಿರದ ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ ಮೊದಲ ವಾರದ ಮಳೆಗೆ ಗುಡ್ಡ ಕುಸಿದು ಮನೆಗಳನ್ನು ಮುಚ್ಚಿದ್ದು ಇಂಥ ಕಾಲದಲ್ಲೇ. ಮನೆಯ ಹಿಂದೆ ನೇರವಾಗಿ ಕಡಿದ ಮಣ್ಣಿನ ಧರೆ ಇದ್ದರೆ, ಧರೆಯ ಮೇಲೆ ಬಿರುಕು ಕಂಡಿದ್ದರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಏಕಾಏಕಿ ಕೆಂಪಾಗಿದ್ದರೆ ಆ ಮನೆ ಬೇಡ. ಕಾಳಜಿ ಕೇಂದ್ರದಲ್ಲಿ ಅತ್ತೆಯವರಿಗೆ ಶೌಚಾಲಯದ ತೊಂದರೆಯಾಗುತ್ತದೆ, ಮುಜುಗರವಾಗುತ್ತದೆ ಎಂಬ ಕಾರಣಕ್ಕೆ ಕುಟುಂಬಗಳು ಕೊನೆಯವರೆಗೂ ಹೊರಡದೆ ಉಳಿಯುವುದನ್ನು ಕಂಡಿದ್ದೇನೆ. ಇದು ಸಣ್ಣ ಮಾತಲ್ಲ. ಮೊದಲೇ ಹೋಗಿ ನೋಡಿ, ನೆಲಮಟ್ಟದ ಕೋಣೆಯನ್ನು ಕೇಳಿ ಇಟ್ಟುಕೊಳ್ಳಿ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಅವರ ಕಾಯಿಲೆಯ ಬಗ್ಗೆ ತಿಳಿಸಿಡಿ.

ಇನ್ಸುಲಿನ್ ವಿಚಾರದಲ್ಲಿ ಗಾಬರಿ ಬೇಡ. ಬಳಕೆಯಲ್ಲಿರುವ ಸೀಸೆ ಅಥವಾ ಪೆನ್ನು ಸಾಮಾನ್ಯ ಉಷ್ಣತೆಯಲ್ಲಿ, ಬಿಸಿಲು ತಾಗದಂತೆ ಇಟ್ಟರೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ತೆರೆಯದ ಸೀಸೆಗಳನ್ನು ಫ್ರಿಜ್ ನಿಂತಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ ಇಡಬಹುದು. ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದು. ಹತ್ತು ದಿನಗಳ ಔಷಧ, ಸಿರಿಂಜು, ವೈದ್ಯರ ಚೀಟಿಯ ನಕಲು, ಊಟ ತಡವಾದರೆ ಸಕ್ಕರೆ ಇಳಿಯದಂತೆ ಸ್ವಲ್ಪ ಬೆಲ್ಲ, ಇವನ್ನು ಪಡಿತರ ಚೀಟಿ, ಮನೆಯ ಪಹಣಿ, ಆಧಾರ್ ಜೊತೆ ಒಂದೇ ಚೀಲದಲ್ಲಿ ಇಡಿ. ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ದನವಿದ್ದರೆ ಹಗ್ಗ ಬಿಚ್ಚಿ ಎತ್ತರಕ್ಕೆ ಹೊಡೆಯಿರಿ. ಮನೆಯ ನಾಲ್ಕೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಹಾನಿಯ ಪಂಚನಾಮೆಯ ಹೊತ್ತಿಗೆ ಅದು ಬೇಕಾಗುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತುಂಡಾದ ತಂತಿಯ ಬಗ್ಗೆ ವಿದ್ಯುತ್ ಕಂಪನಿ ಹೆಸ್ಕಾಂಗೆ 1912.

ಮೈದುನನಿಗೆ ಸ್ವಲ್ಪ ಬಿರುಸಾಗಿಯೇ ಹೇಳಿ. ಬೈತಖೋಲ ಗುಡ್ಡದ ಮರೆಯಲ್ಲಿರುವ ಕಾರವಾರದ ಕೊಲ್ಲಿ ಈ ತೀರದ ಒಳ್ಳೆಯ ಆಶ್ರಯಗಳಲ್ಲಿ ಒಂದು. ದೂರದ ಬೋಟುಗಳೂ ಇಲ್ಲಿಗೆ ಬರುವುದು ಅದಕ್ಕಾಗಿಯೇ. ಆದರೆ ಹೀಗೆ ಬೋಟುಗಳು ಒತ್ತೊತ್ತಾಗಿ ನಿಂತಾಗ ಹಾನಿ ಮಾಡುವುದು ಕಡಲಿಗಿಂತ ಪಕ್ಕದ ಬೋಟು. ನಡುವೆ ಅಂತರ ಬಿಟ್ಟು, ಬದಿಗೆ ಟೈರು ಕಟ್ಟಿ, ಭರತಿಯೇರಿದಾಗ ಬಿಗಿದು ತುಂಡಾಗದಂತೆ ಹಗ್ಗಕ್ಕೆ ಸಡಿಲ ಕೊಟ್ಟು, ಬಲೆಯನ್ನೂ ಬೆಲೆಬಾಳುವ ಉಪಕರಣಗಳನ್ನೂ ಇಳಿಸಿಕೊಂಡು ಅವನು ದಡಕ್ಕೆ ಬರಬೇಕು. ಹಗ್ಗ ಹರಿದ ಬೋಟನ್ನು ಕತ್ತಲಲ್ಲಿ ಒಬ್ಬ ಮನುಷ್ಯ ಒಳಗೆ ಕೂತು ತಡೆದು ನಿಲ್ಲಿಸಲಾರ. ಬೋಟು ಇನ್ನೂ ಆಳಸಮುದ್ರದಲ್ಲಿದ್ದರೆ ಈಗಲೇ ವಿಎಚ್‌ಎಫ್ ರೇಡಿಯೊ ಮೂಲಕ ಕರೆಯಿಸಿ. 2017ರ ಒಖಿ ಚಂಡಮಾರುತದಲ್ಲಿ ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಅಷ್ಟೊಂದು ಸಂಖ್ಯೆಯಲ್ಲಿ ಸಿಲುಕಿದ್ದಕ್ಕೆ ಒಂದು ಕಾರಣ, ಮೊಬೈಲ್ ಸಿಗದಷ್ಟು ದೂರ ಹೋಗಿದ್ದವರಿಗೆ ಸುದ್ದಿ ತಲುಪುವ ಮೊದಲೇ ಗಾಳಿ ಬಲಗೊಂಡದ್ದು.

ಮನೆಗೆ ಹಿಂದಿರುಗುವ ಹೊತ್ತನ್ನು ಗಾಳಿ ನಿಂತದ್ದನ್ನು ನೋಡಿ ನಿರ್ಧರಿಸಬೇಡಿ. ಗಾಳಿ ನೈಋತ್ಯಕ್ಕೆ ತಿರುಗಿದ ಮೇಲೆ ಬರುವ ಎರಡು ಭರತಿಗಳಾದರೂ ಮನೆಯಂಗಳ ಮುಟ್ಟದೆ ಇಳಿದುಹೋಗಲಿ, ಇನ್‌ಕಾಯಿಸ್‌ನ ಅಲೆಯ ಎಚ್ಚರಿಕೆ ತೆಗೆದಿರಲಿ, ಕದ್ರಾದ ಸುದ್ದಿಯನ್ನು ಕೇಳಿ ಬನ್ನಿ. ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ತುಂಡಾದ ತಂತಿ, ಹಾವುಗಳ ಭಯದ ಜೊತೆಗೆ ಇಲಿ ಜ್ವರವೂ ಆ ನೀರಿನಿಂದಲೇ ಬರುತ್ತದೆ, ಕಾಲಿನಲ್ಲಿ ಗಾಯವಿರುವ ಸಕ್ಕರೆ ಕಾಯಿಲೆಯವರಿಗಂತೂ ಆ ನೀರು ಸಲ್ಲದು.

ಕೊನೆಗೆ ಬಾವಿ. ಹೊರಡುವ ಮುನ್ನ ಮೂರು ದಿನಕ್ಕೆ ಆಗುವಷ್ಟು ಕುಡಿಯುವ ನೀರನ್ನು, ತಲೆಗೆ ದಿನಕ್ಕೆ ನಾಲ್ಕು ಲೀಟರಿನ ಲೆಕ್ಕದಲ್ಲಿ, ಮುಚ್ಚಳವಿರುವ ಕೊಡಗಳಲ್ಲಿ ತುಂಬಿ ಅಟ್ಟದ ಮೇಲಿಡಿ. ಬಾವಿಕಟ್ಟೆ ಗಿಡ್ಡದಿದ್ದರೆ ಬಾಯಿಗೆ ದಪ್ಪ ಟಾರ್ಪಾಲು ಹೊದಿಸಿ ಸುತ್ತ ಮರಳಿನ ಚೀಲ ಜೋಡಿಸಿ. ಉಕ್ಕಿಬರುವ ನೀರನ್ನು ಅದು ಪೂರ್ತಿ ತಡೆಯದಿದ್ದರೂ ಕಸ, ಕೊಳೆ ಒಳಗೆ ಬೀಳುವುದು ಕಡಿಮೆಯಾಗುತ್ತದೆ. ಉಪ್ಪುನೀರು ಒಳಹೊಕ್ಕರೆ ಬ್ಲೀಚಿಂಗ್ ಪೌಡರಿನಿಂದ ಕ್ರಿಮಿ ಸಾಯುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಪಂಪು ಹಚ್ಚಿ ಒಂದೇ ಸಮನೆ ತಳ ಕಾಣುವವರೆಗೆ ಖಾಲಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಕಡಲಂಚಿನ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರವಾಗಿ ನಿಂತಿರುತ್ತದೆ. ಮೇಲಿನದನ್ನು ಅವಸರದಲ್ಲಿ ಎಳೆದರೆ ಕೆಳಗಿನ ಉಪ್ಪು ಮೇಲಕ್ಕೆ ಏರುತ್ತದೆ, ಹಳೆಯ ಕಟ್ಟಡದ ಬಾವಿಯಾದರೆ ಗೋಡೆಯೂ ಕುಸಿಯಬಹುದು. ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆದು ಬಾವಿಯಿಂದ ದೂರಕ್ಕೆ ಚೆಲ್ಲಿ, ಊಟೆ ತುಂಬಲು ಬಿಟ್ಟು, ಮತ್ತೆ ತೆಗೆಯಿರಿ. ನಡುವೆ ಒಳ್ಳೆಯ ಮಳೆ ಬಿದ್ದರೆ ಬೇಗ ಸರಿಹೋಗುತ್ತದೆ. ಕ್ರಿಮಿನಾಶಕದ ಪ್ರಮಾಣವನ್ನು ಬಾವಿಯ ಅಳತೆ ನೋಡಿ ಪ್ರಾಥಮಿಕ ಆರೋಗ್ಯ ಕೇಂದ್ರದವರೇ ಹೇಳುತ್ತಾರೆ. ಅಲ್ಲಿಯವರೆಗೆ ಆ ನೀರು ಪಾತ್ರೆ ತೊಳೆಯುವುದಕ್ಕೂ ಬೇಡ. ನೀರಲ್ಲಿ ಮುಳುಗಿದ ಪಂಪಿನ ಮೋಟಾರು ಮತ್ತು ಸ್ಟಾರ್ಟರನ್ನು ಎಲೆಕ್ಟ್ರಿಷಿಯನ್ ಬಂದು ಒಣಗಿಸಿ ಪರೀಕ್ಷಿಸುವವರೆಗೆ ಸ್ವಿಚ್ ಮುಟ್ಟಬೇಡಿ.